ಗಣ ತಪ್ಪಿದ ಕಾರು

ಕಾರು ಇಟ್ಟುಕೊಂಡವನಿಗೆ ಪೆಟ್ರೋಲಿಗಿಂತ ಧಾರಾಳವಾಗಿ ದೊರೆಯುವ ವಸ್ತುವೊಂದಿದ್ದರೆ ಅದು ಸಲಹೆ. ಕಾರು ಹಳೆಯದಾದಷ್ಟೂ ಸಲಹೆ ಹೊಸದಾಗಿರುತ್ತದೆ. ನನ್ನ ಕಾರಿಗೆ ಈಗ ನಲವತ್ತು ದಾಟಿದೆ, ನನಗೂ ದಾಟಿದೆ. ಆದರೆ ನನಗೆ ಕೆಮ್ಮು ಬಂದರೆ ವಿಚಾರಿಸುವವರು ಮನೆಯ ಇಬ್ಬರು. ಕಾರು ಕೆಮ್ಮಿದರೆ ಬೀದಿಯ ಎರಡು ಸಾಲಿನ ಮನೆಗಳೂ ಕಿಟಕಿ ತೆರೆಯುತ್ತವೆ.

ಈ ಕಾರನ್ನು ನಮ್ಮ ತಂದೆಯವರು 1984 ರಲ್ಲಿ ಕೊಂಡರು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಕಾರು ಪಡೆಯುತ್ತಿದ್ದ ಕಾಲ ಅದು. ಇಟಲಿಯ ಫಿಯಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದು, 1970 ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. ನಾಯಿಕಾಭೇದವನ್ನು ಪಾಠ ಮಾಡುವ ನನ್ನಂಥವನಿಗೆ ಆ ಹೆಸರು ಕೇಳಿದರೆ ಹಂಸಗಮನದ ನೆನಪಾಗದೆ ಇರದು. ಹಾಗೆ ನೋಡಿದರೆ ಅವಳ ನಡೆಯೂ ಬಹುಕಾಲ ಹಾಗೆಯೇ ಇತ್ತು. ಅವಳ ಸಂತತಿ ಮಾತ್ರ ಈಗ ವಿರಳ. 2023 ರ ಅಕ್ಟೋಬರ್ ಕೊನೆಗೆ ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದಲೂ ಪದ್ಮಿನಿ ನಿವೃತ್ತಳಾದಳು.

ತಂದೆಯವರು ಹಾಸನದಲ್ಲಿ ವಕೀಲರಾಗಿದ್ದರು. ಬೆಳಿಗ್ಗೆ ಕಾರನ್ನು ಚಾಲೂ ಮಾಡಿ, ಬಾನೆಟ್ಟು ಎತ್ತಿ, ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಒಂದೆರಡು ನಿಮಿಷ ಸುಮ್ಮನೆ ನಿಲ್ಲುವುದು ಅವರ ವಾಡಿಕೆ. ಸಾಕ್ಷಿಯ ಹೇಳಿಕೆ ಕೇಳುವಾಗಲೂ ಅವರು ಹಾಗೆಯೇ ನಿಲ್ಲುತ್ತಿದ್ದರಂತೆ. ಅವರು ಹೋಗಿ ಎಂಟು ವರ್ಷವಾಯಿತು. ಕಾರು ಮೈಸೂರಿಗೆ ನನ್ನಲ್ಲಿಗೆ ಬಂತು. ಕೇಳುವ ವಾಡಿಕೆ ಬರಲಿಲ್ಲ. ನಾನು ಅಧ್ಯಾಪಕ, ನನ್ನ ವಾಡಿಕೆ ಹೇಳುವುದು.

ಕಳೆದ ಆಷಾಢದ ಒಂದು ಸಂಜೆ ನನ್ನ ಮಗ ಕಾರನ್ನು ತೆಗೆದುಕೊಂಡು ಸ್ನೇಹಿತನ ಮನೆಗೆ ಹೋದ. ಅವನಿಗೆ ಹತ್ತೊಂಬತ್ತು ವರ್ಷ. ಮಳೆಯಲ್ಲಿಯೇ ಹೋಗಿ, ಮಳೆಯಲ್ಲಿಯೇ ತಡವಾಗಿ ಹಿಂದಿರುಗಿದ. ಮರುದಿನ ಬೆಳಿಗ್ಗೆ ನಾನು ಕೀಲಿ ತಿರುಗಿಸಿದರೆ ಕಾರು ಮೈಯೆಲ್ಲ ನಡುಗಿಸಿಕೊಂಡು ಕುಂಟತೊಡಗಿತು. ಹಿಂದಿನ ರಾತ್ರಿ ಮಳೆ, ಹಿಂದಿನ ರಾತ್ರಿ ಮಗ, ಈ ಬೆಳಿಗ್ಗೆ ರೋಗ. ಇನ್ನು ವಿಚಾರಣೆ ಏನು ಉಳಿಯಿತು? ಕಾಫಿ ಲೋಟ ಹಿಡಿದು ಹೊರಗೆ ಬಂದ ಹುಡುಗನಿಗೆ, “ನಿಮ್ಮ ತಾತ ಮೂವತ್ತು ವರ್ಷ ಜೋಪಾನ ಮಾಡಿದ್ದನ್ನು ನೀನು ಒಂದು ರಾತ್ರಿಯಲ್ಲಿ ಹಾಳು ಮಾಡಿದೆ” ಎಂದುಬಿಟ್ಟೆ. ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡ. ಲೋಟವನ್ನು ಅಲ್ಲಿಯೇ ಜಗಲಿಯ ಮೇಲಿಟ್ಟು ಒಳಗೆ ಹೋದ. ಅಂದಿನಿಂದ ಮನೆಯಲ್ಲಿ ಅವನು ನನ್ನೊಡನೆ ಆಡುವ ಮಾತು “ಹೂಂ” ಮತ್ತು “ಇಲ್ಲ” ಎಂಬ ಎರಡಕ್ಕೆ ಇಳಿಯಿತು.

ಕಾರಿನ ಸದ್ದನ್ನು ಓದುಗರಿಗೆ ಹೇಗೆ ಕೇಳಿಸಲಿ? ನನಗೆ ತಿಳಿದ ವಿದ್ಯೆಯಿಂದಲೇ ಹೇಳುತ್ತೇನೆ. ಮಂದಾನಿಲ ರಗಳೆಯಲ್ಲಿ ಸಾಮಾನ್ಯವಾಗಿ ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ. ನಮ್ಮ ಕಾರಿನ ಎಂಜಿನ್ನಿಗೂ ಸಿಲಿಂಡರು ನಾಲ್ಕು. ಒಂದೊಂದರಲ್ಲೂ ಹೀರುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು ಎಂದು ಕೆಲಸ ನಾಲ್ಕು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಅವು ಸರದಿಯಾಗಿ ಉರಿಯುತ್ತವೆ. ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತಿನಂತೆ ಎಂಜಿನ್ನು ತಿರುಗಿದರೂ 1600 ಸಲ ಕಿಡಿ ಹಾರಬೇಕು. 3000 ಸುತ್ತಿಗೆ ಹೋದರೆ ಸೆಕೆಂಡಿಗೆ ನೂರು ಕಿಡಿ. ಇಷ್ಟು ಬಿಡುವಿಲ್ಲದ ರಗಳೆಯಲ್ಲಿ ಪ್ರತಿ ಸಾಲಿಗೂ ಒಂದು ಗಣ ಹಾರಿಹೋದರೆ ಏನಾಗುತ್ತದೆಯೋ ಅದೇ ನನ್ನ ಕಾರಿಗಾಗಿತ್ತು. ಗ್ಯಾರೇಜುಗಳಲ್ಲಿ ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. “ಗಾಡಿ ಮಿಸ್ಸಿಂಗ್ ಹೊಡೀತಿದೆ” ಎಂಬುದು ಪ್ರಯೋಗ. ತರಗತಿಯ ಹಾಜರಿ ಪುಸ್ತಕದಿಂದ ಈ ಶಬ್ದ ನನಗೆ ಪರಿಚಿತವೇ.

ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ವಿಷಯವನ್ನು ಪ್ರಸ್ತಾಪಿಸಿದೆ. ಪ್ರಸ್ತಾಪಿಸಬಾರದಾಗಿತ್ತು. ರಸಾಯನಶಾಸ್ತ್ರದವರು, “ಈಗ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸುತ್ತಾರೆ. ಅದು ನೀರು ಹೀರುತ್ತೆ, ನಿಮ್ಮ ಹಳೇ ರಬ್ಬರು ನಳಿಕೆಗಳನ್ನು ತಿನ್ನುತ್ತೆ. ಬೇರೆ ಕಾರಣ ಹುಡುಕಬೇಡಿ” ಎಂದರು. ಅವರ ರಸಾಯನದಲ್ಲಿ ತಪ್ಪೇನೂ ಇರಲಿಲ್ಲ. ಭೌತಶಾಸ್ತ್ರದವರು ಕಾಯಿಲ್ ಸತ್ತಿದೆ ಎಂದರು. ಅರ್ಥಶಾಸ್ತ್ರದವರು ಮಾರಿಬಿಡಿ ಎಂದರು. ಇತಿಹಾಸದವರೊಬ್ಬರು ಮಾತ್ರ, ಇಟ್ಟುಕೊಳ್ಳಿ ಎಂದು ಮರುಕದಿಂದ ನುಡಿದರು. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಪಠ್ಯಪುಸ್ತಕದಲ್ಲಿದ್ದ ರೋಗವೇ ನನ್ನ ಕಾರಿಗೆ ಬಂದಿತ್ತು. ನಾನು ಅವರನ್ನು ಆಕ್ಷೇಪಿಸುವಂತಿಲ್ಲ. ನನ್ನ ರೋಗನಿದಾನವಂತೂ ಮೊದಲ ದಿನವೇ ಮುಗಿದಿತ್ತು. ಅದಕ್ಕೆ ಹತ್ತೊಂಬತ್ತು ವರ್ಷ, ಕಣ್ಣಿಗೆ ಕನ್ನಡಕ.

ಆಮೇಲೆ ಎರಡು ವಾರ ನಾನು ಮಾಡಿದ್ದೆಂದರೆ ಖರ್ಚು. ಮನೆಗೆ ಹತ್ತಿರದ ಗ್ಯಾರೇಜೊಂದಕ್ಕೆ ಹೋದೆ. ನಾಲ್ಕು ಹೊಸ ಪ್ಲಗ್ಗು ಹಾಕಿದರು; ಎರಡು ದಿನ ಬಿಸಿಲಿತ್ತು, ಕಾರು ಸರಿಹೋಯಿತೆಂದುಕೊಂಡೆ. ಮೂರನೆಯ ದಿನ ಜಿಟಿಜಿಟಿ ಮಳೆ. ಕಾರು ಮತ್ತೆ ಕುಂಟಿತು. ಕಾಯಿಲ್ ಬದಲಾಯಿಸಿದರು. ಕಾರ್ಬೊರೇಟರ್ ಬಿಚ್ಚಿ ತೊಳೆದರು. ಆರು ಸಾವಿರ ರೂಪಾಯಿ ಹೋಯಿತು, ಮಿಸ್ಸಿಂಗ್ ಹೋಗಲಿಲ್ಲ. ಅಂದಾಜಿನ ಮೇಲೆ ಭಾಗಗಳನ್ನು ಬದಲಾಯಿಸುವುದು ಕತ್ತಲೆಯಲ್ಲಿ ಕಲ್ಲು ಹೊಡೆದಂತೆ. ತಾಗಿದರೂ ಏತಕ್ಕೆ ತಾಗಿತೆಂದು ತಿಳಿಯುವುದಿಲ್ಲ.

ಒಂದು ಭಾನುವಾರ ಮನೆಯವಳನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟಕ್ಕೆ ಹೊರಟೆ. ಸಮತಟ್ಟಿನಲ್ಲಿ ಹೇಗೋ ಬಂದ ಕಾರು ಏರಿನಲ್ಲಿ ಉಸಿರು ಬಿಟ್ಟಿತು. ಮುಂದೆ ತಿಳಿದಂತೆ ಅದಕ್ಕೂ ಒಂದು ಕಾರಣವಿತ್ತು: ಭಾರ ಎಳೆಯುವಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚು, ಕಿಡಿ ಹಾರುವುದು ಹೆಚ್ಚು ಕಷ್ಟ, ಬೇರೆಲ್ಲಾದರೂ ಸುಲಭದ ದಾರಿಯಿದ್ದರೆ ವಿದ್ಯುತ್ತು ಅತ್ತ ಜಾರಿಕೊಳ್ಳುತ್ತದೆ. ಆಗ ನನಗೆ ಅದೆಲ್ಲ ತಿಳಿಯದು. ಕಾರನ್ನು ಬದಿಗೆ ನಿಲ್ಲಿಸಿ, “ಆ ಹುಡುಗ ನೀರಿನಲ್ಲಿ ಇಳಿಸಿರಬೇಕು” ಎಂದೆ. ನನ್ನಾಕೆ ಕಿಟಕಿಯಿಂದ ಊರನ್ನು ನೋಡುತ್ತಾ, “ಕಾರು ಕೆಟ್ಟಿರೋದು ಸರಿಹೋಗುತ್ತೆ. ಅವನು ಹದಿನೈದು ದಿನದಿಂದ ನಿಮ್ಮ ಜೊತೆ ಊಟಕ್ಕೆ ಕೂತಿಲ್ಲ, ಗಮನಿಸಿದೀರಾ?” ಎಂದಳು. ನಾನು ಗಮನಿಸಿರಲಿಲ್ಲ. ಬೇರೆ ಬೇರೆ ಹೊತ್ತಿನ ಕಾಲೇಜು ಎಂದುಕೊಂಡಿದ್ದೆ.

ಮಂಡಿ ಮೊಹಲ್ಲೆಯ ಒಂದು ಓಣಿಯಲ್ಲಿ ಹಳೆಯ ಕಾರುಗಳನ್ನಷ್ಟೇ ನೋಡುವ ಮೇಸ್ತ್ರಿಯೊಬ್ಬರಿದ್ದಾರೆಂದು ಕೇಳಿ ಮರುದಿನ ಮಧ್ಯಾಹ್ನ ಅಲ್ಲಿಗೆ ಕುಂಟಿಸಿಕೊಂಡು ಹೋದೆ. ಅರವತ್ತು ದಾಟಿದ ಮನುಷ್ಯ. ನಾನು ಕಾರಿನಿಂದಿಳಿದು ಮಳೆ, ಮಗ, ಎಥನಾಲ್, ಕಾಯಿಲ್ ಎಂದು ಕ್ರಮವಾಗಿ ಪಾಠ ಆರಂಭಿಸಿದೆ. ಅವರು ಕೈಯೆತ್ತಿ, “ಮೇಷ್ಟ್ರೇ, ಎಂಜಿನ್ ಆಫ್ ಮಾಡಬೇಡಿ, ಮಾತು ಆಫ್ ಮಾಡಿ” ಎಂದರು. ಬಾನೆಟ್ಟು ಎತ್ತಿ, ತಲೆಯನ್ನು ಓರೆ ಮಾಡಿಕೊಂಡು ನಿಂತರು. ಎಂಟು ವರ್ಷದ ಮೇಲೆ ಆ ಕಾರಿನ ಮುಂದೆ ಹಾಗೆ ಒಬ್ಬರು ನಿಂತದ್ದನ್ನು ಕಂಡು ನನಗೆ ಮಾತು ತಾನಾಗಿಯೇ ನಿಂತಿತು.

ಕೇಳಿ ಮುಗಿದ ಮೇಲೆ ಅವರು ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದರು. ಮುಂದೆ ಬಂದು ಕೈಗೆ ರಬ್ಬರು ಗವಸು ಹಾಕಿಕೊಂಡು ಮೊದಲನೆಯ ಪ್ಲಗ್ಗಿನ ವಯರು ಕಿತ್ತರು. ಎಂಜಿನ್ನು ಇನ್ನಷ್ಟು ಕುಸಿಯಿತು. ಹಾಕಿದರು, ಚೇತರಿಸಿಕೊಂಡಿತು. ಎರಡನೆಯದು, ಹಾಗೆಯೇ. ನಾಲ್ಕನೆಯದು, ಹಾಗೆಯೇ. ಮೂರನೆಯದನ್ನು ಕಿತ್ತರೆ ಏನೂ ಆಗಲಿಲ್ಲ. “ಇವನು ಕೆಲಸ ಮಾಡ್ತಿಲ್ಲ. ಇದ್ದರೂ ಒಂದೇ, ಹೋದರೂ ಒಂದೇ” ಎಂದರು. ನಾನು ಉತ್ಸಾಹದಿಂದ ಆ ವಯರನ್ನು ಮುಟ್ಟಲು ಹೋಗಿ, ಮೊಣಕೈವರೆಗೆ ಒಂದು ಏಟು ತಿಂದು ಹಿಂದೆ ಸರಿದೆ.

“ಹಾಗಾದರೆ ಪೆಟ್ರೋಲಿನ ದೋಷವಲ್ಲವೆ?” ಎಂದು ಕೇಳಿದೆ.

“ನಾಲ್ಕು ಜನಕ್ಕೆ ಒಂದೇ ಪಾತ್ರೇಲಿ ಅನ್ನ ಬಡಿಸಿದೀರಿ. ಮೂರು ಜನ ಗಟ್ಟಿಯಾಗಿದಾರೆ, ಒಬ್ಬನಿಗೆ ಹೊಟ್ಟೆನೋವು. ಅನ್ನ ಹಳಸಿದೆ ಅಂತೀರಾ?”

ಒಂದು ವಾಕ್ಯದಲ್ಲಿ ನಮ್ಮ ಅಧ್ಯಾಪಕರ ಕೊಠಡಿ ಖಾಲಿಯಾಯಿತು. ಪೆಟ್ರೋಲು, ಕಾರ್ಬೊರೇಟರ್, ಕಾಯಿಲ್, ಪಾಯಿಂಟು, ಕಂಡೆನ್ಸರ್ ಎಲ್ಲವೂ ನಾಲ್ವರಿಗೂ ಸೇರಿದವು. ಅವುಗಳಲ್ಲಿ ಯಾವುದು ಕೆಟ್ಟಿದ್ದರೂ ನಾಲ್ವರೂ ನರಳಬೇಕಿತ್ತು. ಒಬ್ಬನೇ ನರಳುತ್ತಿದ್ದಾನೆಂದರೆ, ದೋಷ ಅವನೊಬ್ಬನ ದಾರಿಯಲ್ಲಿದೆ. ನಾನು ಆರು ಸಾವಿರ ಕೊಟ್ಟು ಬದಲಾಯಿಸಿದ್ದೆಲ್ಲ ನಿರಪರಾಧಿಗಳನ್ನು.

ಮುಂದಿನ ವಿಚಾರಣೆಯೂ ಹಾಗೆಯೇ ನಡೆಯಿತು. ಮೂರನೆಯ ಪ್ಲಗ್ಗನ್ನು ಒಂದನೆಯದಕ್ಕೂ, ಒಂದನೆಯದನ್ನು ಮೂರಕ್ಕೂ ಹಾಕಿದರು. ರೋಗ ಪ್ಲಗ್ಗಿನ ಜೊತೆ ಹೋಗಲಿಲ್ಲ, ಪ್ಲಗ್ಗು ಬಿಡುಗಡೆಯಾಯಿತು. ವಯರುಗಳನ್ನು ಅದಲುಬದಲು ಮಾಡಿದರು, ವಯರೂ ಬಿಡುಗಡೆಯಾಯಿತು. ಪ್ಲಗ್ಗಿನ ರಂಧ್ರಕ್ಕೆ ಒತ್ತಡ ಅಳೆಯುವ ಗೇಜು ಕೂರಿಸಿ ಒಂದೊಂದಾಗಿ ನಾಲ್ಕನ್ನೂ ನೋಡಿದರು. ನಾಲ್ಕರದೂ ಹೆಚ್ಚುಕಡಿಮೆ ಒಂದೇ. ವಾಲ್ವು ಸುಟ್ಟಿಲ್ಲ, ಗ್ಯಾಸ್ಕೆಟ್ಟು ಹೋಗಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಬದಲಿಸಿದ್ದನ್ನು ಕೇಳುವುದು, ಮತ್ತೆ ಮೊದಲಿನಂತೆ ಇಡುವುದು. ಅವರು ಯಾವುದನ್ನೂ ಅಪರಾಧಿ ಎನ್ನುತ್ತಿರಲಿಲ್ಲ. “ಇದಲ್ಲ” ಎನ್ನುತ್ತಿದ್ದರು, ಅಷ್ಟೆ. ಇಪ್ಪತ್ತು ವರ್ಷ ಪಾಠಾಂತರಗಳ ಶೋಧನೆಯ ಬಗ್ಗೆ ಮಾತನಾಡಿದ ನನಗೆ ಇದಕ್ಕಿಂತ ಸ್ವಚ್ಛವಾದ ಶೋಧನೆಯನ್ನು ಕಂಡ ನೆನಪಿಲ್ಲ.

ಕೊನೆಗೆ ಉಳಿದದ್ದು ಡಿಸ್ಟ್ರಿಬ್ಯೂಟರ್ ಕ್ಯಾಪು. ಬ್ಯಾಟರಿಯಲ್ಲಿರುವುದು 12 ವೋಲ್ಟು. ಪಾಯಿಂಟು ತೆರೆದ ಕ್ಷಣದಲ್ಲಿ ಕಾಯಿಲ್ ಅದನ್ನು ಹತ್ತಾರು ಸಾವಿರಕ್ಕೆ ಏರಿಸಿ ಈ ಕ್ಯಾಪಿನ ನಡುವಿಗೆ ಕಳಿಸುತ್ತದೆ. ಒಳಗೆ ರೋಟರ್ ಎಂಬುದೊಂದು ತಿರುಗುತ್ತಾ, ಪಂಕ್ತಿಯಲ್ಲಿ ತುಪ್ಪ ಬಡಿಸುವವನಂತೆ, ನಾಲ್ಕು ಮೂಲೆಗೂ ಸರದಿಯಂತೆ ಹಂಚುತ್ತದೆ. ಮೇಸ್ತ್ರಿ ಕ್ಯಾಪನ್ನು ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದರು. ಒಂದು ಸಣ್ಣ ಗೆರೆ. ಬಿರುಕೋ, ಗೀಚೋ ಹೇಳುವಂತಿರಲಿಲ್ಲ. ಅದನ್ನು ಮತ್ತೆ ಕೂರಿಸಿ, “ಕತ್ತಲಾಗಲಿ. ಆಕ್ಸಿಲರೇಟರ್ ಒತ್ತೋಕೆ ಇನ್ನೊಬ್ಬರು ಬೇಕು, ಮನೆಯಿಂದ ಯಾರನ್ನಾದರೂ ಕರೆಸಿ” ಎಂದರು.

ಮನೆಯಿಂದ ಕರೆಸಬಹುದಾದವನು ಒಬ್ಬನೇ. ಫೋನು ಮಾಡಿದೆ. “ಹೂಂ” ಎಂದ.

ಕಾಯುವಾಗ ಚಹಾ ತರಿಸಿದರು. ಸುಮ್ಮನೆ ಕೂರಲಾರದೆ ನಾನು ಬರ್ತಾ ಬೆಂಜ್ ಎಂಬ ಹೆಂಗಸಿನ ಕಥೆ ಹೇಳಿದೆ. 1888 ರ ಆಗಸ್ಟ್ ತಿಂಗಳಲ್ಲಿ ಆಕೆ ಗಂಡನಿಗೆ ತಿಳಿಸದೆ, ಅವನು ನಿರ್ಮಿಸಿದ ಮೂರು ಚಕ್ರದ ಮೋಟಾರಿನಲ್ಲಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ ಹೋದಳು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳಂತೆ. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಸುತ್ತಿದಳಂತೆ. ಮೇಸ್ತ್ರಿ ಯೋಚಿಸಿ, “ಮಕ್ಕಳು ದಾರೀಲಿ ಇಳಿದು ತಳ್ಳಿರಬೇಕಲ್ಲ?” ಎಂದು ಕೇಳಿದರು. ಏರಿನಲ್ಲಿ ತಳ್ಳಿದರಂತೆ ಎಂದೆ. “ಅಮ್ಮ ಬೈದಿರಲಿಕ್ಕಿಲ್ಲ. ಬೈದಿದ್ದರೆ ತಳ್ತಿರಲಿಲ್ಲ” ಎಂದರು. ನನ್ನ ಮನೆಯ ವಿಷಯ ಅವರಿಗೇನೂ ತಿಳಿಯದು. ಅಥವಾ, ಮೊದಲು ನಾನು ಮಾಡಿದ ಪಾಠದಲ್ಲಿಯೇ ಅಷ್ಟು ತಿಳಿದಿತ್ತೋ ಏನೋ.

ಏಳು ಗಂಟೆಯ ಹೊತ್ತಿಗೆ ಮಗ ಬಂದ. ನನ್ನ ಮುಖ ನೋಡದೆ ಹೋಗಿ ಸ್ಟಿಯರಿಂಗಿನ ಮುಂದೆ ಕುಳಿತ. ಮೇಸ್ತ್ರಿ ಕೈಯನ್ನು ನೀರಿನಲ್ಲಿ ಅದ್ದಿ ಕ್ಯಾಪಿನ ಸುತ್ತ ನಾಲ್ಕು ಹನಿ ಸಿಂಪಡಿಸಿದರು. ನಾನು ಟಾರ್ಚು ಹಿಡಿದು ಬಗ್ಗಿದೆ.

“ದೀಪ ಆರಿಸಿ ಮೇಷ್ಟ್ರೇ.”

“ಆರಿಸಿದರೆ ಕಾಣುವುದು ಹೇಗೆ?”

“ಆರಿಸಿದರೇನೇ ಕಾಣೋದು.”

ಆರಿಸಿದೆ. ಮಗ ಆಕ್ಸಿಲರೇಟರ್ ಒತ್ತಿದ. ಕತ್ತಲೆಯಲ್ಲಿ, ಕ್ಯಾಪಿನ ಮೂರನೆಯ ಗೂಟದಿಂದ ಪಕ್ಕದ ಉಕ್ಕಿನ ಕ್ಲಿಪ್ಪಿನವರೆಗೆ ದಾರದಷ್ಟು ಸಣ್ಣಗೆ ನೀಲಿ ಬೆಳಕೊಂದು ಓಡಾಡುತ್ತಿತ್ತು. ಬಡಿಸುವವನು ಸರಿಯಾಗಿಯೇ ಬಡಿಸುತ್ತಿದ್ದ. ಮೂರನೆಯ ಎಲೆ ಹರಿದಿತ್ತು, ತುಪ್ಪ ನೆಲಕ್ಕೆ ಸೋರುತ್ತಿತ್ತು. ಮಗನೂ ಇಳಿದು ಬಂದು ನೋಡಿದ. ಮೇಸ್ತ್ರಿ, “ಇದು ನೀರಿಂದ ಆಗಿದ್ದಲ್ಲ. ಕ್ಯಾಪು ಸೊಟ್ಟ ಕೂತಾಗ ಯಾರೋ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದಾರೆ. ಬಹಳ ತಿಂಗಳಾಗಿದೆ. ಬಿರುಕು ಇದ್ದೇ ಇತ್ತು, ತೇವ ಬಂದಾಗ ಕಿಡಿ ಅದರಲ್ಲಿ ದಾರಿ ಮಾಡಿಕೊಂಡಿದೆ” ಎಂದರು.

ಯಾರೋ! ಹಿಂದಿನ ಆಯುಧಪೂಜೆಯ ಬೆಳಿಗ್ಗೆ ಕಾರನ್ನು ತೊಳೆದು, ಎಂಜಿನ್ನನ್ನೂ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಆ ಕ್ಯಾಪನ್ನು ತೆಗೆದು ಒರೆಸಿದವನು ನಾನು. ಮತ್ತೆ ಹಾಕುವಾಗ ಕೂರಲಿಲ್ಲ. ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತಿದ್ದ ಹುಡುಗ, “ಅಪ್ಪ, ಅಲ್ಲೊಂದು ಕಚ್ಚು ಇದೆ. ಸ್ವಲ್ಪ ತಿರುಗಿಸಿ ಕೂರಿಸಬೇಕು” ಎಂದಿದ್ದ. “ನನಗೆ ಹೇಳಿಕೊಡಬೇಡ” ಎಂದು ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಕ್ಲಿಪ್ಪನ್ನು ಮೀಟಿ ಏರಿಸಿದ್ದೆ. ಚಿಟ್ ಎಂದು ಒಂದು ಸದ್ದಾಗಿತ್ತು. ಕ್ಲಿಪ್ಪು ಕೂತ ಸದ್ದು ಎಂದುಕೊಂಡು, ಅದರ ಮೇಲೆಯೇ ಕುಂಕುಮವಿಟ್ಟಿದ್ದೆ.

ಕತ್ತಲೆಯಲ್ಲಿ ನಾನು ಮಗನನ್ನು ನೋಡಿದೆ. ಅವನು ಎಂಜಿನ್ನನ್ನೇ ನೋಡುತ್ತಿದ್ದ. ಆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವನು ಹೇಳಲು ಬಾಯಿ ತೆರೆದ ಮಾತು ಯಾವುದು ಎಂದು ನನಗೀಗ ತಿಳಿಯಿತು.

“ಆ ಯಾರೋ ನಾನೇ” ಎಂದು ಮೇಸ್ತ್ರಿಗೆ ಹೇಳಿದೆ.

ಅವರು ತಗಡಿನ ಡಬ್ಬಿಯಲ್ಲಿ ಹುಡುಕುತ್ತಾ ತಲೆಯೆತ್ತದೆ, “ಯಾರು ಅನ್ನೋದು ನಮಗೆ ಯಾತಕ್ಕೆ ಸ್ವಾಮಿ? ಎಲ್ಲಿ ಅಂತ ಸಿಕ್ಕಿತಲ್ಲ” ಎಂದರು. ಗುಜರಿಗೆ ಹೋದ ಇನ್ನಾವುದೋ ಪದ್ಮಿನಿಯ ಕ್ಯಾಪೊಂದು ಡಬ್ಬಿಯಲ್ಲಿತ್ತು. ಅದನ್ನು ಮಗನ ಕೈಗೆ ಕೊಟ್ಟರು. ಅವನು ಕಚ್ಚು ನೋಡಿ, ಸ್ವಲ್ಪ ತಿರುಗಿಸಿ, ಎರಡು ಬೆರಳಲ್ಲಿ ಒತ್ತಿದ, ಕೂತಿತು. ಕ್ಲಿಪ್ಪುಗಳು ತಾವಾಗಿ ಏರಿದವು. ಎಂಜಿನ್ನು ಚಾಲೂ ಆದಾಗ ಮೂವರೂ ತಲೆ ಓರೆ ಮಾಡಿ ನಿಂತಿದ್ದೆವು. ನಾಲ್ಕು ಗಣವೂ ಇತ್ತು.

ಮೇಸ್ತ್ರಿ ಕೇಳಿದ್ದು ಐನೂರು ರೂಪಾಯಿ. ಅವರ ಮಾತು ಮಾತ್ರ ನನ್ನಲ್ಲಿ ಇನ್ನೂ ಬಾಕಿ ಉಳಿದಿದೆ. ದೋಷವನ್ನು ಹುಡುಕುವುದು ಒಂದು ಕೆಲಸ, ದೋಷವನ್ನು ಹೊರಿಸುವುದು ಇನ್ನೊಂದು. ಮೊದಲನೆಯದು ‘ಎಲ್ಲಿ’ ಎಂದು ಕೇಳುತ್ತದೆ, ಎರಡನೆಯದು ‘ಯಾರು’ ಎಂದು. ಮೊದಲನೆಯದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎರಡನೆಯದನ್ನು ನಾನು ಕಾಫಿ ಆರುವುದರೊಳಗೆ ಮುಗಿಸಿದ್ದೆ. ‘ಯಾರು’ ಎಂಬುದು ನನಗೆ ಮೊದಲೇ ಗೊತ್ತಿದ್ದುದರಿಂದ ‘ಎಲ್ಲಿ’ ಎಂದು ನೋಡಲೇ ಇಲ್ಲ. ತಂದೆಯವರು ಕೋರ್ಟಿನಲ್ಲಿ ಎಷ್ಟು ಮೊಕದ್ದಮೆ ಗೆದ್ದರೋ ತಿಳಿಯದು. ಸಾಕ್ಷಿ ಬಾಯಿ ತೆರೆದಾಗ ಮುಚ್ಚಿಸುವ ಅಭ್ಯಾಸವಂತೂ ಅವರಿಗಿರಲಿಲ್ಲ.

ಕಾರಿನ ಕೀಲಿಯನ್ನು ಮಗನಿಗೆ ಕೊಟ್ಟು ನಾನು ಪಕ್ಕದಲ್ಲಿ ಕುಳಿತೆ. ಮತ್ತೆ ಮಳೆ ಹನಿಯತೊಡಗಿತ್ತು. ಓಣಿ ದಾಟಿದ ಮೇಲೆ, “ತಪ್ಪು ನನ್ನದು ಕಣೋ. ಸುಮ್ಮನೆ ನಿನ್ನನ್ನು ಅಂದೆ” ಎಂದೆ. ಅವನು ಗೇರು ಬದಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದಿದ್ದು ಕಾರಿನ ವಿಷಯಕ್ಕಲ್ಲಪ್ಪ ಬೇಜಾರು. ತಾತನ ಹೆಸರು ತಂದೆಯಲ್ಲ, ಅದಕ್ಕೆ” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇದ್ದಿದ್ದರೂ ಅಂದು ಕೇಳುವ ಸರದಿ ನನ್ನದು.

ಆ ರಾತ್ರಿ ಮೂವರೂ ಒಟ್ಟಿಗೆ ಊಟಕ್ಕೆ ಕೂತೆವು. ಹೆಚ್ಚು ಮಾತೇನೂ ಆಗಲಿಲ್ಲ. ಹುಳಿ ಎರಡನೆಯ ಸಲ ಬಡಿಸಲು ಬಂದಾಗ ಅವನು, “ಅಪ್ಪ, ಟ್ಯಾಪೆಟ್ ಸದ್ದು ಒಂಚೂರು ಜಾಸ್ತಿ ಅನ್ಸಲ್ವಾ?” ಎಂದ. ನನಗೇನೂ ಅನ್ನಿಸಿರಲಿಲ್ಲ. “ನಾಳೆ ಬೆಳಿಗ್ಗೆ ಕೇಳೋಣ” ಎಂದೆ.